ಅಲ್ಲಿ ಯಾರೂ ಆಣೆ ಕೇಳಲಿಲ್ಲ

ಕುಡಿಯೋದಿಲ್ಲ ಅಂತ ನಾನು ಎಷ್ಟು ಸಲ ಆಣೆ ಮಾಡಿದ್ದೇನೋ ಲೆಕ್ಕವಿಲ್ಲ. ಅಮ್ಮನ ಕೈ ಹಿಡಿದು ಮಾಡಿದ್ದೇನೆ. ಮಗಳ ತಲೆ ಮುಟ್ಟಿ ಮಾಡಿದ್ದೇನೆ, ಆಗ ಅವಳಿಗೆ ಆರು ವರ್ಷ, ಅಪ್ಪ ಏನೋ ಆಟ ಆಡ್ತಿದ್ದಾರೆ ಅಂತ ನಗುತ್ತಿದ್ದಳು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಹೋಗಿ ಮಾಡಿದ್ದೇನೆ. ನಂಜನಗೂಡಿನಲ್ಲಿ ಕಪಿಲೆಯಲ್ಲಿ ಮುಳುಗೆದ್ದು, ಒದ್ದೆ ಪಂಚೆಯಲ್ಲೇ ನಂಜುಂಡೇಶ್ವರನ ಮುಂದೆ ನಿಂತು ಮಾಡಿದ್ದೇನೆ. ಪ್ರತಿ ಸಲವೂ ನಿಜವಾಗಿ ಬಿಡಬೇಕು ಅಂತಲೇ ಮನಸ್ಸಲ್ಲಿತ್ತು. ಇದನ್ನು ಮನೆಯವರು ನಂಬುವುದು ಕಷ್ಟ, ಆದರೂ ಹೇಳುತ್ತೇನೆ, ಆಣೆ ಮಾಡುವ ಹೊತ್ತಿನಲ್ಲಿ ಕುಡಿಯುವವನು ಸುಳ್ಳು ಹೇಳುತ್ತಿರುವುದಿಲ್ಲ. ಹನ್ನೊಂದು ದಿನ ನಡೆಯಿತು, ಇಪ್ಪತ್ತು ದಿನ ನಡೆಯಿತು, ಒಂದು ಸಲ ಏಳು ತಿಂಗಳು ನಡೆಯಿತು. ಆಮೇಲೆ ಮುರಿಯಿತು. ಮುರಿದ ಮೇಲೆ ಆ ದೇವಸ್ಥಾನದ ದಾರಿ ಬಿಟ್ಟೆ, ಅಮ್ಮ ಎದುರಿಗೆ ಬಂದರೆ ತಲೆ ಎತ್ತುತ್ತಿರಲಿಲ್ಲ, ಆ ನಾಚಿಕೆ ತಡೆದುಕೊಳ್ಳೋಕೆ ಅಂತಲೇ ಇನ್ನೊಂದು ಕ್ವಾರ್ಟರ್ ಬೇಕಾಗುತ್ತಿತ್ತು.

ನನ್ನದು ಮೈಸೂರಿನಲ್ಲಿ ಒಂದು ಸಣ್ಣ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪು, ಮಿಕ್ಸಿ, ಸೀಲಿಂಗ್ ಫ್ಯಾನ್ ಎಲ್ಲಾ ಬರುತ್ತವೆ. ಬೇಸಿಗೆಯಲ್ಲಿ ನಂಜನಗೂಡು, ತಿ. ನರಸೀಪುರದ ಕಡೆಯ ರೈತರು ಮೋಟಾರ್ ಹೊತ್ತು ತಂದು, "ಬೆಳೆ ಒಣಗ್ತೈತೆ ಅಣ್ಣ, ನಾಳೆಗೇ ಬೇಕು" ಅಂತ ನಿಂತುಬಿಡುತ್ತಾರೆ. ಹಳೇ ಕಾಯಿಲ್ ಕತ್ತರಿಸಿ ಕಿತ್ತು, ಸ್ಲಾಟ್‌ಗೆ ಹೊಸ ಪೇಪರ್ ಕೂರಿಸಿ, ತಾಮ್ರದ ವೈರನ್ನು ಎಣಿಸಿ ಸುತ್ತಿ, ಎಳೆ ಎಳೆಯಾಗಿ ಸ್ಲಾಟಿನೊಳಗೆ ಇಳಿಸಬೇಕು. ಆ ವೈರಿನ ಮೇಲೆ ತುಂಬಾ ತೆಳುವಾದ ಎನಾಮಲ್ ಲೇಪ ಇರುತ್ತದೆ. ಕೈ ಅಲ್ಲಾಡಿ ವೈರು ಕಬ್ಬಿಣದ ಅಂಚಿಗೆ ಉಜ್ಜಿದರೆ ಅದು ಕೆರೆದುಹೋಗುತ್ತದೆ. ಹೊರಗಿನಿಂದ ಏನೂ ಗೊತ್ತಾಗಲ್ಲ. ಮೋಟಾರ್ ಚೆನ್ನಾಗಿಯೇ ಓಡುತ್ತದೆ. ಹದಿನೈದು ದಿನಕ್ಕೆ ಮತ್ತೆ ಸುಟ್ಟು ವಾಪಸ್ ಬರುತ್ತದೆ.

ಬೆಳಿಗ್ಗೆ ಎದ್ದರೆ ನನ್ನ ಕೈ ನಡುಗುತ್ತಿತ್ತು. ವೈರಿನ ತುದಿ ಹಿಡಿದು ಸ್ಲಾಟಿಗೆ ತಂದರೆ ಅದು ಅಲ್ಲಿ ಇಲ್ಲಿ ಓಡಾಡುತ್ತಿತ್ತು, ಒಳಗೆ ಹೋಗುತ್ತಿರಲಿಲ್ಲ. ಒಂದು ನೈಂಟಿ ಹಾಕಿದರೆ ಹತ್ತು ನಿಮಿಷದಲ್ಲಿ ಕೈ ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಆದ್ದರಿಂದ ನಾನು ಮಜಾಕ್ಕೆ ಕುಡಿಯುತ್ತಿಲ್ಲ, ಕೆಲಸಕ್ಕೆ ಕುಡಿಯುತ್ತಿದ್ದೇನೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಖಾಲಿ ವಾರ್ನಿಶ್ ಡಬ್ಬದಲ್ಲಿ ಬಾಟ್ಲಿ ಇಟ್ಟುಕೊಳ್ಳುತ್ತಿದ್ದೆ, ಆ ವಾಸನೆಯಲ್ಲಿ ಈ ವಾಸನೆ ಗೊತ್ತಾಗುತ್ತಿರಲಿಲ್ಲ. ಕೊನೆಕೊನೆಗೆ ಸುತ್ತು ಎಣಿಸುವಾಗ ಮಧ್ಯದಲ್ಲಿ ಲೆಕ್ಕ ತಪ್ಪುತ್ತಿತ್ತು. ಒಬ್ಬ ಮುದುಕರ ಪಂಪು ಒಂದೇ ಬೇಸಿಗೆಯಲ್ಲಿ ಮೂರು ಸಲ ಸುಟ್ಟಿತು. ಅವರು ಬೈಯಲಿಲ್ಲ. ಮೂರನೇ ಸಲ ಮೋಟಾರನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬೇರೆ ಅಂಗಡಿಗೆ ಹೋದರು.

ಆ ಏಳು ತಿಂಗಳ ಕಥೆ ಮೊದಲು ಹೇಳಬೇಕು. 2018ರಲ್ಲಿ ಹೆಂಡತಿಯ ಊರಿನ ಕಡೆ ಮದ್ಯವರ್ಜನ ಶಿಬಿರ ನಡೆಯಿತು. ಧರ್ಮಸ್ಥಳದವರ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಸೇರಿ ಊರೂರಲ್ಲಿ ನಡೆಸುತ್ತಾರಲ್ಲ, ಅದು. ಎಂಟು ದಿನ ಅಲ್ಲೇ ಇರಬೇಕು. ಬೆಳಿಗ್ಗೆ ಯೋಗ, ಭಜನೆ, ಆಮೇಲೆ ಮಾತುಕತೆ, ಡಾಕ್ಟರ ತಪಾಸಣೆ, ಹೆಂಡತಿ ಮಕ್ಕಳನ್ನು ಕರೆಸಿ ಎದುರಿಗೆ ಕೂರಿಸಿ ಮಾತಾಡಿಸುವುದು. ನಾನು ಅಲ್ಲಿ ಜೋರಾಗಿ ಅತ್ತೆ. ನನ್ನ ಜೊತೆ ಹೆಂಡತಿಯ ಸೋದರಮಾವ ಇದ್ದರು, ಇಬ್ಬರೂ ಒಂದೇ ದಿನ ಹೊರಗೆ ಬಂದೆವು. ಅವರು ಇವತ್ತಿಗೂ ಮುಟ್ಟಿಲ್ಲ. ನಾನು ಏಳು ತಿಂಗಳಿಗೆ ಮುಟ್ಟಿದೆ. ತುಂಬಾ ದಿನ ಇದಕ್ಕೆ ಕಾರಣ ಅವರ ಹಟ ಗಟ್ಟಿ, ನನ್ನದು ಗಟ್ಟಿ ಇಲ್ಲ ಅಂತಲೇ ಅಂದುಕೊಂಡಿದ್ದೆ. ಅದಲ್ಲ. ಶಿಬಿರ ಮುಗಿದ ಮೇಲೆ ಊರಲ್ಲಿ ನವಜೀವನ ಸಮಿತಿ ಅಂತ ಮಾಡುತ್ತಾರೆ, ಬಿಟ್ಟವರೆಲ್ಲ ಆಗಾಗ ಒಂದು ಕಡೆ ಸೇರುತ್ತಾರೆ. ಮಾವ ಅದನ್ನು ತಪ್ಪಿಸಲಿಲ್ಲ. ನಾನು ಮೈಸೂರಿಗೆ ಬಂದು ಅಂಗಡಿ ಬಾಗಿಲು ತೆಗೆದೆ, ನನ್ನ ಜೊತೆ ಕೂತು ಮಾತಾಡೋಕೆ ಯಾರೂ ಇರಲಿಲ್ಲ. ವ್ಯತ್ಯಾಸ ಇಷ್ಟೇ ಅಂತ ಗೊತ್ತಾಗೋಕೆ ನನಗೆ ಇನ್ನೂ ನಾಲ್ಕು ವರ್ಷ ಬೇಕಾಯಿತು.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆಗಿ ಎಲ್ಲಾ ಬಾರು, ವೈನ್ ಸ್ಟೋರ್ ಮುಚ್ಚಿದವಲ್ಲ, ಡಬ್ಬದಲ್ಲಿದ್ದದ್ದು ಎರಡು ದಿನಕ್ಕೆ ಖಾಲಿಯಾಯಿತು. ಮಾರನೇ ದಿನ ರಾತ್ರಿಯಿಂದ ಬೆವರು, ನಿದ್ದೆಯಿಲ್ಲ. ಅದರ ಮಾರನೇ ದಿನ ಬಚ್ಚಲಮನೆಯಲ್ಲಿ ಫಿಟ್ಸ್ ಬಂದು ಬಿದ್ದೆ. ಗೋಡೆ ಮೇಲೆ ಇರುವೆ ಸಾಲು ಹರಿಯುತ್ತಿದೆ, ಒರೆಸು ಒರೆಸು ಅಂತ ಹೆಂಡತಿಗೆ ಹೇಳುತ್ತಿದ್ದೆನಂತೆ. ಇರುವೆ ಇರಲಿಲ್ಲ. ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದರು. ದಿನಾ ಜಾಸ್ತಿ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಆಮೇಲೆ ಇಲ್ಲದ್ದೆಲ್ಲ ಕಾಣಬಹುದು, ಕೆಲವರ ಪ್ರಾಣವೇ ಹೋಗುತ್ತದೆ ಅಂತ ಡಾಕ್ಟರು ಆಗ ಹೇಳಿದರು. ಇದನ್ನು ಓದುವ ಯಾರಾದರೂ ನಾಳೆಯಿಂದ ಬಿಡ್ತೀನಿ ಅಂತ ತೀರ್ಮಾನ ಮಾಡಿದ್ದರೆ ದಯವಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ. ಮನೆಯಲ್ಲಿ ಕೋಣೆಗೆ ಹಾಕಿ ಬೀಗ ಹಾಕಿದರೆ ಸರಿಹೋಗುತ್ತಾನೆ ಅನ್ನುವ ಮನೆಯವರಿಗೂ ಇದೇ ಮಾತು. ಕೆಲವು ದಿನದ ಮಾತ್ರೆ, ಬಿ1 ವಿಟಮಿನ್ನು, ಹತ್ತಿರದಲ್ಲಿ ಯಾರಾದರೂ ಇರುವುದು, ಇಷ್ಟರಿಂದ ಆ ವಾರ ದಾಟುತ್ತದೆ.

ನಾನು ದಾಟಿದೆ. ಸುಮಾರು ನಲವತ್ತು ದಿನ ಶುದ್ಧವಾಗಿದ್ದೆ. ಮೇ 4ಕ್ಕೆ ಅಂಗಡಿಗಳು ತೆರೆದವು. ಬೆಳಿಗ್ಗೆ ಏಳಕ್ಕೆ ನಾನು ಸಾಲಿನಲ್ಲಿದ್ದೆ.

ಇದರ ಮೇಲೆ ನನ್ನ ಹೆಂಡತಿ ಒಂದು ಕೆಲಸ ಮಾಡಿದಳು. ಊರ ಗೋಡೆಗಳ ಮೇಲೆ ಬರೆದಿರುತ್ತಾರಲ್ಲ, ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ ಅಂತ, ಅಂಥ ಒಂದು ಕಡೆಯಿಂದ ಪುಡಿ ತರಿಸಿ ಸಾರಿನಲ್ಲಿ ಹಾಕುತ್ತಿದ್ದಳು. ಒಂದು ಸಂಜೆ ಕುಡಿದ ಮೇಲೆ ಮುಖ ಕೆಂಡದ ಹಾಗೆ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿ ಮಾಡಿ ಮಾಡಿ ಅಂಗಡಿ ಮೆಟ್ಟಿಲ ಮೇಲೆ ಕುಸಿದುಬಿಟ್ಟೆ. ಆ ಪೊಟ್ಟಣದಲ್ಲಿ ಏನಿತ್ತೋ ಯಾರಿಗೆ ಗೊತ್ತು, ಮೇಲೆ ಏನೂ ಬರೆದಿರಲಿಲ್ಲ. ಕುಡಿದರೆ ಮೈಗೆ ಒಗ್ಗದ ಹಾಗೆ ಮಾಡುವ ಮಾತ್ರೆ ಇದೆ, ಡೈಸಲ್ಫಿರಾಮ್ ಅಂತ, ಆದರೆ ಅದನ್ನು ಡಾಕ್ಟರು ತಪಾಸಣೆ ಮಾಡಿ, ತಗೊಳ್ಳುವವನಿಗೆ ಎಲ್ಲಾ ತಿಳಿಸಿ, ಅವನು ಒಪ್ಪಿದರೆ ಮಾತ್ರ ಕೊಡಬೇಕಾದದ್ದು. ಕದ್ದು ಕೊಟ್ಟರೆ ಹೃದಯ ನಿಂತುಹೋಗಬಹುದು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಇನ್ನೇನು ಮಾಡುತ್ತಿದ್ದಳು? ಎಲ್ಲಿಗೆ ಹೋಗಬೇಕು ಅಂತ ಅವಳಿಗೆ ಹೇಳುವವರೇ ಇರಲಿಲ್ಲ, ಗೋಡೆ ಬರಹ ಮಾತ್ರ ಪ್ರತಿ ಬೀದಿಯಲ್ಲೂ ಇತ್ತು.

ನಾನೂ ಹುಡುಕಿದ್ದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕುಡಿದುಕೊಂಡೇ ಫೋನಿನಲ್ಲಿ ಹುಡುಕುತ್ತಿದ್ದೆ. ಆಲ್ಕೋಹಾಲಿಕ್ಸ್ ಅನಾನಿಮಸ್ ಅನ್ನುವ ಹೆಸರು ಗೊತ್ತಿತ್ತು, ಎಎ ಅಂತಾರೆ, ಕುಡಿತ ಬಿಡಬೇಕು ಅನ್ನುವವರೇ ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ ಗುಂಪು. ಸಿಕ್ಕ ಮೂರು ನಂಬರುಗಳಲ್ಲಿ ಒಂದು ಸ್ವಿಚ್ ಆಫ್, ಒಂದು ರಾಂಗ್ ನಂಬರ್, ಮೂರನೆಯವರು ಹಿಂದಿಯಲ್ಲಿ ತುಂಬಾ ಪ್ರೀತಿಯಿಂದ ಮಾತಾಡಿದರು, ನನಗೆ ಅರ್ಧವೂ ಅರ್ಥವಾಗಲಿಲ್ಲ. ಒಂದು ವಿಳಾಸ ಹುಡುಕಿಕೊಂಡು ಹೋದೆ. ಗೇಟಿಗೆ ಬೀಗ. "ಕೊರೋನಾ ಬಂದ್ಮೇಲೆ ಇಲ್ಲಿ ಯಾರೂ ಸೇರ್ತಿಲ್ಲ ಸ್ವಾಮಿ" ಅಂದ ಕಾವಲಿನವನು. ಆ ಮಾತು ಕೇಳಿ ನನಗೆ ಬೇಜಾರಾಗಲಿಲ್ಲ. ಎದೆ ಹಗುರವಾಯಿತು. ನಾನು ಪ್ರಯತ್ನ ಮಾಡಿದೆನಲ್ಲ, ಸಿಗಲಿಲ್ಲ, ನನ್ನ ತಪ್ಪಿಲ್ಲ ಅಂತ ಅಲ್ಲಿಂದ ಸೀದಾ ಬಾರಿಗೆ ಹೋದೆ. ಒಂದು ವರ್ಷ ಆ ಬೀಗ ಹಾಕಿದ ಗೇಟನ್ನೇ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ.

2022ರ ಕೊನೆಯಲ್ಲಿ ನಮ್ಮ ಬೀದಿಗೆ ಬರುವ ಆಶಾ ಕಾರ್ಯಕರ್ತೆ ನನ್ನ ಹೆಂಡತಿಗೆ 14416 ಅನ್ನುವ ನಂಬರ್ ಬರೆದುಕೊಟ್ಟರು. ಟೆಲಿ ಮಾನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಆ ವರ್ಷ ಅಕ್ಟೋಬರಿನಲ್ಲಷ್ಟೇ ಶುರುವಾಗಿತ್ತು, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ. ಮೊದಲು ಅವಳು ಮಾತಾಡಿದಳು. ನಲವತ್ತು ನಿಮಿಷ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ನನ್ನನ್ನು ಒಂದು ಮಾತೂ ಬೈಯಲಿಲ್ಲ, ತಾನು ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೇನೆ, ಗೇಟು ಸದ್ದಾದರೆ ಹೊಟ್ಟೆಯಲ್ಲಿ ಹೇಗಾಗುತ್ತದೆ ಅಂತ ಮಾತ್ರ ಹೇಳುತ್ತಿದ್ದಳು. ಮಾರನೇ ದಿನ ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋದೆವು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮಾತ್ರೆ ಬರೆದು ಹೇಳಿದರು, "ಈ ಹತ್ತು ದಿನಕ್ಕೆ ನನ್ನ ಹತ್ರ ಔಷಧಿ ಇದೆ. ಆಮೇಲೆ ಬರೋ ಸಾಯಂಕಾಲಗಳಿಗೆ ನನ್ನ ಹತ್ರ ಮಾತ್ರೆ ಇಲ್ಲ. ಅದಕ್ಕೆ ಇಲ್ಲಿ ಹೋಗಿ." ಚೀಟಿಯ ಹಿಂದೆ ಎಎ ಗುಂಪು ಸೇರುವ ಒಂದು ಜಾಗ, ವಾರದ ಒಂದು ದಿನ, ಸಂಜೆ ಏಳು ಗಂಟೆ ಅಂತ ಬರೆದರು. ನಾನಿರುವ ಬೀದಿಯಿಂದ ಸ್ಕೂಟರಿನಲ್ಲಿ ಹನ್ನೆರಡು ನಿಮಿಷದ ದಾರಿ. ಅಷ್ಟು ಹತ್ತಿರ ಇತ್ತು, ಅಷ್ಟು ವರ್ಷ.

ಜಾಗದ ಹೆಸರು ಇಲ್ಲಿ ಹಾಕುವುದಿಲ್ಲ, ಅಲ್ಲಿಗೆ ಬರುವವರು ನಂಬಿ ಬರುತ್ತಾರೆ. ಒಂದು ಶಾಲೆಯ ಹಿಂಭಾಗದ ಕೋಣೆ ಅಂತ ಅಂದುಕೊಳ್ಳಿ. ನಾನು ಎದುರಿನ ಪೆಟ್ಟಿಗೆ ಅಂಗಡಿ ಹತ್ತಿರ ಇಪ್ಪತ್ತು ನಿಮಿಷ ನಿಂತಿದ್ದೆ. ಬಾಗಿಲ ಹೊರಗೆ ಬಿಟ್ಟಿದ್ದ ಚಪ್ಪಲಿ ಎಣಿಸಿದೆ, ಹನ್ನೆರಡು ಜೊತೆ, ಅದರಲ್ಲಿ ಒಂದು ಹೆಂಗಸರದು. ಒಳಗೆ ಹೋದರೆ ಮಕ್ಕಳ ಸಣ್ಣ ಬೆಂಚು, ಗೋಡೆ ಮೇಲೆ ಕಾಗುಣಿತದ ಚಾರ್ಟು. ಎಪ್ಪತ್ತು ದಾಟಿದ ಒಬ್ಬರು ಎದ್ದು ಬಂದು, "ಬನ್ನಿ, ಮೊದಲನೇ ಸಲಾನಾ? ಕೂತ್ಕೊಳ್ಳಿ" ಅಂದು ಟೀ ಬಗ್ಗಿಸಿ ಕೊಟ್ಟರು. ಲೋಟ ತುಂಬಿಸಲಿಲ್ಲ. ಅರ್ಧಕ್ಕೆ ನಿಲ್ಲಿಸಿದರು. ಉಳಿದವರ ಲೋಟ ನೋಡಿದೆ, ಎಲ್ಲರದೂ ತುಂಬಿತ್ತು. ನನ್ನ ಕೈ ನಡುಗಿದರೂ ಅರ್ಧ ಲೋಟ ಟೀ ಚೆಲ್ಲಲಿಲ್ಲ. ಅದು ಆಮೇಲೆ ಹೊಳೆಯಿತು. ಅವರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ.

ಅಲ್ಲಿ ಏನು ನಡೆಯುತ್ತದೆ ಅಂತ ಕೇಳುವವರಿಗೆ ಹೇಳಬೇಕು ಅಂದರೆ, ಹೊರಗಿನಿಂದ ನೋಡಿದರೆ ಏನೂ ನಡೆಯುವುದಿಲ್ಲ. ಒಬ್ಬರು ಒಂದು ಪುಟ ಓದುತ್ತಾರೆ. ಆಮೇಲೆ ಒಬ್ಬೊಬ್ಬರೇ ಹೆಸರು ಹೇಳಿ, ನಾನೊಬ್ಬ ಮದ್ಯವ್ಯಸನಿ ಅಂತ ಹೇಳಿ, ತಮ್ಮ ಕಥೆ ಹೇಳುತ್ತಾರೆ. ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಮುಗಿದ ಮೇಲೆ ಥ್ಯಾಂಕ್ಸ್ ಅನ್ನುತ್ತಾರೆ, ಇನ್ನೊಬ್ಬರು ಶುರು ಮಾಡುತ್ತಾರೆ. ಅವತ್ತು ಒಬ್ಬರು ಫ್ಲಶ್ ಟ್ಯಾಂಕಿನಲ್ಲಿ ಬಾಟ್ಲಿ ಇಡುತ್ತಿದ್ದದ್ದು ಹೇಳಿದರು. ಇನ್ನೊಬ್ಬರು ಮಗಳ ಶಾಲೆ ಫೀಸಿನ ದುಡ್ಡು ಖರ್ಚು ಮಾಡಿ, ದುಡ್ಡು ಕಳೆದುಹೋಯಿತು ಅಂತ ಹೆಂಡತಿ ಜೊತೆ ತಾವೂ ಮನೆಯೆಲ್ಲಾ ಹುಡುಕಾಡಿದ್ದು ಹೇಳಿದರು. ನನ್ನ ಹಾಗೆ ಮಾಡುವವನು ಭೂಮಿ ಮೇಲೆ ನಾನೊಬ್ಬನೇ ಅಂತ ಇಪ್ಪತ್ತು ವರ್ಷ ತಿಳಿದಿದ್ದವನಿಗೆ ಅದನ್ನು ಕೇಳುವುದು ಹೇಗಿತ್ತು ಅಂತ ಬರೆಯೋಕೆ ಬರುತ್ತಿಲ್ಲ. ನನ್ನ ವಾರ್ನಿಶ್ ಡಬ್ಬದ ವಿಷಯ ಅವತ್ತೇ ಬಾಯಿಗೆ ಬಂತು.

ಕುಡುಕ ಅನ್ನುವ ಮಾತು ನನಗೆ ಬೀದಿಯಲ್ಲಿ ಎಷ್ಟೋ ಸಲ ಬಿದ್ದಿದೆ. ಹಾಗೆ ಬಿದ್ದಾಗೆಲ್ಲ, ನಾನೇನು ಕುಡುಕ ಅಲ್ಲ, ದುಡಿದು ಕುಡೀತೀನಿ ಅಂತ ಜಗಳಕ್ಕೆ ಹೋಗಿದ್ದೇನೆ. ಅದೇ ಮಾತನ್ನು ನಾನಾಗಿ, ಯಾರೂ ಕೇಳದೆ, ಹೇಳಿದಾಗ ಜಗಳ ಆಡೋಕೆ ಎದುರಿಗೆ ಯಾರೂ ಉಳಿಯಲಿಲ್ಲ.

ಕೊನೆಯಲ್ಲಿ ಎಲ್ಲರೂ ಎದ್ದು ನಿಂತು ಪ್ರಾರ್ಥನೆ ಮಾಡಿದರು. ನನಗೆ ಗಂಟಲು ಕಟ್ಟಿತ್ತು. ಮೇಷ್ಟ್ರ ಹತ್ತಿರ ಹೋಗಿ, "ಸಾರ್, ಇವತ್ತಿಂದ ಮುಟ್ಟಲ್ಲ, ನನ್ನ ಮಗಳಾಣೆಗೂ" ಅಂದೆ. ಅವರು ನನ್ನ ಕೈ ಹಿಡಿದುಕೊಂಡರು. "ಬೇಡಪ್ಪ. ಇಲ್ಲಿ ಆಣೆ ಬೇಡ. ಈಗ ಎಂಟೂವರೆ. ಎಷ್ಟೊತ್ತಿಗೆ ಮಲಗ್ತೀರಿ?" ಹತ್ತಕ್ಕೆ ಅಂದೆ. "ಹತ್ತರವರೆಗೂ ಇರಬಹುದಾ? ಒಂದೂವರೆ ಗಂಟೆ. ಆಗಲ್ಲ ಅನಿಸಿದ್ರೆ ಫೋನ್ ಮಾಡಿ, ನಾನು ಎದ್ದಿರ್ತೀನಿ."

ಒಂದೂವರೆ ಗಂಟೆ ಯಾರಾದರೂ ಇರಬಹುದು, ಅಲ್ವಾ? ಇದ್ದೆ. ಬೆಳಿಗ್ಗೆ ಆರಕ್ಕೆ ಅವರೇ ಫೋನ್ ಮಾಡಿ, ತಿಂಡಿ ತಿಂದು ಅಂಗಡಿಗೆ ಹೋಗಿ, ಹೊಟ್ಟೆ ಖಾಲಿ ಬಿಡಬೇಡಿ ಅಂದರು. ಹಸಿವು, ಸಿಟ್ಟು, ಒಂಟಿತನ, ಸುಸ್ತು, ಈ ನಾಲ್ಕು ಬಂದಾಗ ಕುಡಿಯಬೇಕು ಅನಿಸುತ್ತದೆ, ಬಂದಿದ್ದು ಯಾವುದು ಅಂತ ಮೊದಲು ನೋಡಿಕೊಳ್ಳಿ ಅನ್ನುವುದು ಅವರ ಪಾಠ. ನನಗೆ ನೂರಕ್ಕೆ ಅರವತ್ತು ಸಲ ಅದು ಬರೀ ಹಸಿವು ಆಗಿರುತ್ತಿತ್ತು. ಎರಡು ಇಡ್ಲಿಗೆ ಹೋಗುತ್ತಿತ್ತು.

ಮೊದಲ ಮೂರು ತಿಂಗಳು ದಿನಕ್ಕೊಂದು ಮೀಟಿಂಗ್ ಅಂತ ತೊಂಬತ್ತು ದಿನ ಬಾ ಅನ್ನುವುದು ಅವರ ವಾಡಿಕೆ. ಒಂದೇ ಜಾಗದಲ್ಲಿ ದಿನಾ ಇರಲ್ಲ, ಬೇರೆ ಬೇರೆ ಗುಂಪಿಗೆ ಹೋಗಬೇಕು, ಇಲ್ಲದ ದಿನ ಫೋನಿನಲ್ಲಿ ಸೇರಬಹುದು. ನನಗೆ ಅಷ್ಟು ಆಗಲಿಲ್ಲ, ಅಂಗಡಿ ಬಿಟ್ಟು ಬರೋಕೆ ಆಗುತ್ತಿರಲಿಲ್ಲ, ವಾರಕ್ಕೆ ನಾಲ್ಕು ಆಗುತ್ತಿತ್ತು. ಫೀಸು ಇಲ್ಲ. ಒಂದು ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ, ಹತ್ತು ರೂಪಾಯಿ ಹಾಕಿದರೂ ಸರಿ, ಹಾಗೇ ದಾಟಿಸಿದರೂ ಸರಿ. ಹೊರಗಿನವರ ದುಡ್ಡು ಮುಟ್ಟುವುದೇ ಇಲ್ಲ. ನನ್ನ ಭಾವಮೈದ ಖುಷಿಯಲ್ಲಿ ಹನ್ನೆರಡು ಕುರ್ಚಿ ಕೊಡಿಸ್ತೀನಿ ಅಂತ ಬಂದಿದ್ದ, ಕೈಮುಗಿದು ಬೇಡ ಅಂದರು. ಸೇರುವುದಕ್ಕೆ ಬೇಕಾದದ್ದು ಕುಡಿತ ಬಿಡಬೇಕು ಅನ್ನುವ ಆಸೆ ಒಂದೇ. ಬಿಟ್ಟಿರಲೇಬೇಕು ಅಂತಲೂ ಇಲ್ಲ, ನೋಡಿ. ದೇವರ ಮಾತು ಬರುತ್ತದೆ, ಆದರೆ ನೀವು ಯಾರನ್ನು ದೇವರು ಅಂತ ತಿಳಿದಿದ್ದೀರೋ ಅವರು ಅಂತ ಬಿಟ್ಟಿದ್ದಾರೆ. ನಮ್ಮಲ್ಲಿ ಒಬ್ಬರು ದೇವರನ್ನೇ ಒಪ್ಪುವುದಿಲ್ಲ, ಈ ಗುಂಪೇ ನನಗಿಂತ ದೊಡ್ಡದು, ಅಷ್ಟು ಸಾಕು ಅನ್ನುತ್ತಾರೆ. ಹನ್ನೆರಡು ವರ್ಷದಿಂದ ಬರುತ್ತಿದ್ದಾರೆ.

ಒಂದು ಮಧ್ಯಾಹ್ನ ಮೇಷ್ಟ್ರು ಅಂಗಡಿಗೆ ಬಂದರು. ನಾನು ಫ್ಯಾನಿನ ವೈಂಡಿಂಗ್ ಮಾಡುತ್ತಿದ್ದೆ, ಕೈ ಇನ್ನೂ ಪೂರ್ತಿ ಸರಿಯಾಗಿರಲಿಲ್ಲ. ಸುಮ್ನೆ ನೋಡುತ್ತಾ ಕೂತಿದ್ದು ಒಂದು ಕಥೆ ಹೇಳಿದರು. ಅಮೆರಿಕದ ಆಕ್ರನ್ ಅನ್ನುವ ಊರಿಗೆ 1935ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಬಿಲ್ ವಿಲ್ಸನ್ ಅನ್ನುವವರು ವ್ಯವಹಾರಕ್ಕೆ ಬಂದಿದ್ದರು, ಷೇರು ಪೇಟೆಯವರು, ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ವ್ಯವಹಾರ ಕೆಟ್ಟಿತು. ಹೋಟೆಲಿನಲ್ಲಿ ಒಬ್ಬರೇ, ಪಕ್ಕದಲ್ಲೇ ಬಾರು. ಆಗ ಅವರಿಗೆ ಹೊಳೆದದ್ದು, ನನಗೆ ಈಗ ಮಾತಾಡೋಕೆ ಇನ್ನೊಬ್ಬ ಕುಡುಕ ಬೇಕು ಅಂತ. ಗುಣವಾದವನಲ್ಲ, ಕುಡಿಯುತ್ತಿರುವವನು. ಚರ್ಚಿನವರಿಗೆ ಫೋನ್ ಮಾಡಿ ಮಾಡಿ ಕೊನೆಗೆ ಡಾಕ್ಟರ್ ಬಾಬ್ ಸ್ಮಿತ್ ಸಿಕ್ಕರು. ಸರ್ಜನ್. ಹದಿನೈದು ನಿಮಿಷ ಮಾತ್ರ ಅಂತ ಬಂದವರು ರಾತ್ರಿ ಹನ್ನೊಂದು ದಾಟುವವರೆಗೂ ಕೂತರು. ಆ ಡಾಕ್ಟರು ಬಿಟ್ಟರು, ಆಮೇಲೆ ಒಂದು ವೈದ್ಯರ ಸಮ್ಮೇಳನಕ್ಕೆ ಹೋಗಿ ಮತ್ತೆ ಕುಡಿದು ಬಂದರು. ಬಂದ ಮೇಲೆ ಆಪರೇಷನ್ ಮಾಡಬೇಕಾದ ದಿನ ಬಂತು. ಕೈ ನಡುಗುತ್ತಿದೆ. ಕೈ ನಿಲ್ಲಲಿ ಅಂತ ಬಿಲ್ ಅವರೇ ಒಂದು ಬಿಯರ್ ಕೊಟ್ಟರು. ಅದೇ ಅವರ ಕೊನೆಯ ಕುಡಿತ. 1935ರ ಜೂನ್ 10. ಅದನ್ನೇ ಎಎ ಹುಟ್ಟಿದ ದಿನ ಅಂತ ಇವತ್ತಿಗೂ ಲೆಕ್ಕ ಹಾಕುತ್ತಾರೆ. ನಮ್ಮ ದೇಶಕ್ಕೆ ಬಂದಿದ್ದು 1957ರಲ್ಲಿ.

ನಾನು ವೈರು ಕೆಳಗಿಟ್ಟೆ. ಅಲ್ಲಿ ಆ ಡಾಕ್ಟರ ಕೈಯಲ್ಲಿ ಕತ್ತಿ, ಇಲ್ಲಿ ನನ್ನ ಕೈಯಲ್ಲಿ ತಾಮ್ರದ ವೈರು. ಅಷ್ಟು ಓದಿದವರ ಕೈಯೂ ನಡುಗಿತ್ತು, ಅವರಿಗೂ ಬೆಳಿಗ್ಗೆ ಅದೇ ಬೇಕಾಗಿತ್ತು. ಅವತ್ತಿನವರೆಗೆ ನನ್ನ ಕೈ ನಡುಕವನ್ನು ನಾನು ಬರೀ ನನ್ನ ಪಾಪ ಅಂತ ತಿಳಿದಿದ್ದೆ.

ಐದು ತಿಂಗಳು ಚೆನ್ನಾಗಿ ಹೋಯಿತು. 2023ರ ಮೇ ತಿಂಗಳಲ್ಲಿ ಮಂಡ್ಯದ ಕಡೆ ನೆಂಟರ ಮನೆ ಬೀಗರೂಟ. ನಮ್ಮ ಕಡೆ ಬೀಗರೂಟ ಹೇಗಿರುತ್ತದೆ ಅಂತ ಗೊತ್ತಿರುವವರಿಗೆ ಗೊತ್ತು. ಮೇಷ್ಟ್ರು ಮೊದಲೇ ಹೇಳಿದ್ದರು, ಹೋಗಲೇಬೇಕಾ, ಹೋದರೆ ಊಟ ಮಾಡಿ ತಕ್ಷಣ ಎದ್ದು ಬನ್ನಿ ಅಂತ. ನಾನು ಎದ್ದು ಬರಲಿಲ್ಲ. ತೋಟದ ಮನೆ ಹಿಂದೆ ಯಾರೋ ಪೇಪರ್ ಲೋಟ ಕೈಗಿಟ್ಟರು, ಬೇಡ ಅನ್ನೋಕೆ ಬಾಯಿ ತೆರೆದೆ, ಮಾತು ಬರಲಿಲ್ಲ. ನಾಲ್ಕು ದಿನ ಕುಡಿದೆ. ಐದನೇ ದಿನ ಕುಡಿಯದೆ ನಡುಗುತ್ತಾ ಕೂತು, ಈಗ ಎಲ್ಲಿಗೆ ಹೋಗಲಿ ಅಂತ ಯೋಚಿಸಿದೆ. ಮುರಿದ ಆಣೆಯ ಲೆಕ್ಕದಲ್ಲಿ ನಾನು ದೇವಸ್ಥಾನಗಳನ್ನೇ ಬಿಟ್ಟವನು. ಈ ಕೋಣೆಯೂ ಹೋಯಿತು ಅಂದುಕೊಂಡೆ. ಆಮೇಲೆ ತಲೆಗೆ ಬಂತು, ಅಲ್ಲಿ ನಾನು ಆಣೆಯನ್ನೇ ಮಾಡಿಲ್ಲವಲ್ಲ. ಮುರಿಯೋಕೆ ಅಲ್ಲಿ ಏನೂ ಇಲ್ಲ.

ಹೆಂಡತಿ ಆಸ್ಪತ್ರೆಗೆ ಕರೆದುಕೊಂಡು ಹೋದಳು, ಮತ್ತೆ ಮಾತ್ರೆ. ವಾರದ ಮೇಲೆ ಕೋಣೆಗೆ ಹೋದೆ. ಮೇಷ್ಟ್ರು ನನ್ನ ಮುಖ ನೋಡಿದರು. "ಬಂದ್ಯಲ್ಲ, ಕೂತ್ಕೊ" ಅಂದರು, ಮೊದಲನೇ ಸಲ ಏಕವಚನದಲ್ಲಿ. ಟೀ ಕೊಟ್ಟರು. ಮತ್ತೆ ಅರ್ಧ ಲೋಟ. ಕುಡಿದದ್ದು ಹೇಳಿದೆ, ಎಲ್ಲರೂ ಕೇಳಿಸಿಕೊಂಡರು, ಥ್ಯಾಂಕ್ಸ್ ಅಂದರು, ಮುಂದಿನವರು ಶುರು ಮಾಡಿದರು. ನನ್ನ ದಿನದ ಎಣಿಕೆ ಮತ್ತೆ ಒಂದರಿಂದ ಶುರುವಾಯಿತು. ಅವತ್ತಿನಿಂದ ಇವತ್ತಿನವರೆಗೆ ಮುಟ್ಟಿಲ್ಲ. ಇವತ್ತಿನದು ಇನ್ನೂ ಮುಗಿದಿಲ್ಲ, ಈಗ ಸಂಜೆ ಆರೂವರೆ.

ನನ್ನ ಅಪ್ಪ ಸಾರಾಯಿ ಕುಡಿಯುತ್ತಿದ್ದರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ಒಂದು ವಾರದಲ್ಲಿ ಅಪ್ಪ ಅಗ್ಗದ ವಿಸ್ಕಿಗೆ ಬಂದರು, ಖರ್ಚು ಜಾಸ್ತಿಯಾಯಿತು. ಆದರೂ 2019ರ ಜನವರಿಯಲ್ಲಿ ಮದ್ಯ ನಿಷೇಧ ಮಾಡಿ ಅಂತ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಹೆಂಗಸರು ಬಿಸಿಲಲ್ಲಿ ನಡೆದು ಬಂದರಲ್ಲ, ಅವರ ಮುಖಗಳನ್ನು ಟಿವಿಯಲ್ಲಿ ನೋಡಿದಾಗ ನನಗೆ ಅಮ್ಮನೇ ಕಂಡಳು. ಕುಡಿದುಕೊಂಡೇ ನೋಡುತ್ತಿದ್ದೆ. ಅಂಗಡಿ ಮುಚ್ಚಬೇಕೋ ಬೇಡವೋ ಅದು ದೊಡ್ಡವರ ಮಾತು. ಊರಿಗೆ ಎಷ್ಟು ಬಾರ್ ಬೋರ್ಡ್ ಇದೆಯೋ ಅದರಲ್ಲಿ ನೂರಕ್ಕೆ ಒಂದು ಪಾಲಾದರೂ ಇಂಥ ಕೋಣೆಗಳ ಬೋರ್ಡ್ ಇದ್ದಿದ್ದರೆ ಅಪ್ಪನಿಗೂ ಒಂದು ಸಿಗುತ್ತಿತ್ತೇನೋ ಅಂತ ಮಾತ್ರ ಅನಿಸುತ್ತದೆ.

ಆ ಒಂದು ಜೊತೆ ಹೆಂಗಸರ ಚಪ್ಪಲಿಯ ಬಗ್ಗೆಯೂ ಹೇಳಬೇಕು. ಅವರು ಬಾಗಿಲ ಹತ್ತಿರವೇ ಕೂರುತ್ತಾರೆ, ಮನೆಯಲ್ಲಿ ಟೈಲರಿಂಗ್ ಕ್ಲಾಸಿಗೆ ಅಂತ ಹೇಳಿ ಬರುತ್ತಾರೆ. ನಾನು ಕುಡಿದು ಬಿದ್ದಿದ್ದರೆ ಎಬ್ಬಿಸಿ ಮನೆಗೆ ತಲುಪಿಸಿದವರಿದ್ದಾರೆ. ಅವರ ವಿಷಯ ಹೊರಗೆ ಬಂದರೆ ಮನೆ ಬಾಗಿಲೇ ಮುಚ್ಚುತ್ತದೆ. ಆರು ತಿಂಗಳು ಒಂದು ಮಾತೂ ಆಡದೆ ಬಂದು ಕೂತು ಹೋದರು. ಯಾರೂ ಮಾತಾಡಿ ಅನ್ನಲಿಲ್ಲ. ನಮ್ಮೆಲ್ಲರಿಗಿಂತ ಧೈರ್ಯ ಅವರದೇ.

ನನ್ನ ಹೆಂಡತಿಗೆ ಅಂತಲೇ ಬೇರೆ ಗುಂಪು ಇದೆ, ಅಲ್-ಅನಾನ್ ಅಂತ, ಕುಡಿಯುವವರ ಮನೆಯವರಿಗೆ. ನಾನು ಬಿಟ್ಟ ಮೇಲೂ ಅವಳಿಗೆ ಗೇಟು ಸದ್ದಾದರೆ ಹೊಟ್ಟೆಯಲ್ಲಿ ಹಾಗೇ ಆಗುತ್ತದೆ. ನಾನು ಬಿಟ್ಟ ತಕ್ಷಣ ಎಲ್ಲಾ ಸರಿಹೋಗಬೇಕು ಅಂತ ನಿರೀಕ್ಷೆ ಮಾಡಿದ್ದೆ, ಅವಳು ಇನ್ನೂ ನನ್ನ ಬಾಯಿ ಹತ್ತಿರ ಬಂದು ಮೂಸುತ್ತಾಳೆ ಅಂತ ಸಿಟ್ಟು ಬರುತ್ತಿತ್ತು. ಈಗ ಅವಳು ಕೇಳುವ ಮೊದಲೇ ನಾನೇ ಹತ್ತಿರ ಹೋಗಿ ನಿಲ್ಲುತ್ತೇನೆ. ಇಷ್ಟು ವರ್ಷ ಸುಳ್ಳು ಹೇಳಿದ್ದೇನೆ, ಅಷ್ಟು ವರ್ಷ ಮೂಸಲಿ.

ಹೋದ ವಾರ ಒಬ್ಬ ಹೆಂಗಸು 1 ಎಚ್‌ಪಿ ಮೋಟಾರ್ ಆಟೋದಲ್ಲಿ ಹಾಕಿಕೊಂಡು ಬಂದರು. ಗಂಡ ಯಾಕೆ ಬರಲಿಲ್ಲ ಅಂತ ಕೇಳಿದೆ. ಮಾತು ತೇಲಿಸಿದರು. ಬಿಲ್ಲು ಬರೆಯುವಾಗ ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದು, "ಅಣ್ಣ, ನೀವು ಬಿಟ್ಟಿದೀರಂತಲ್ಲ, ಇದನ್ನ ಅನ್ನದಲ್ಲಿ ಕಲಸ್ಬೇಕಾ, ಕಾಫಿಲಿ ಹಾಕ್ಬೇಕಾ?" ಅಂದರು. ಅದೇ ಬಣ್ಣದ ಪೊಟ್ಟಣ. ಮೇಲೆ ಏನೂ ಬರೆದಿಲ್ಲ. ಎಲ್ಲಾ ಹೇಳಿದೆ, ಅಂಗಡಿ ಮೆಟ್ಟಿಲು ತೋರಿಸಿ ಇಲ್ಲೇ ಬಿದ್ದಿದ್ದೆ ಅಂದೆ. ಪೊಟ್ಟಣ ನನ್ನ ಹತ್ತಿರವೇ ಬಿಟ್ಟರು. ಬಿಲ್ಲಿನ ಹಿಂದೆ 14416 ಬರೆದೆ, ಕೆಳಗೆ ನನ್ನ ನಂಬರು, ಅದರ ಕೆಳಗೆ ವಾರ ಮತ್ತು ಏಳು ಗಂಟೆ. "ಮೋಟಾರ್ ತಗೊಂಡು ಹೋಗೋಕೆ ಅವರನ್ನೇ ಕಳಿಸಿ ಅಕ್ಕ, ನಾನೇನೂ ಬುದ್ಧಿ ಹೇಳಲ್ಲ" ಅಂದೆ.

ಮೋಟಾರ್ ಮೊನ್ನೆಯೇ ರೆಡಿಯಾಗಿದೆ. ವಾರ್ನಿಶ್ ಒಣಗಿದೆ, ಓಡಿಸಿ ನೋಡಿ ಬಾಗಿಲ ಪಕ್ಕ ಇಟ್ಟಿದ್ದೇನೆ. ಅವರು ಇನ್ನೂ ಬಂದಿಲ್ಲ.